ಸಂಘದ ಕೇರಂ ಕೋಣೆ ಮ್ಯೂಸಿಯಂ ಆದ ಬಗೆ

ಮುಂಬಯಿಯ ಉಪನಗರದಲ್ಲಿರುವ ನಮ್ಮ ಸಂಘದ ಎರಡನೇ ಮಹಡಿಯಲ್ಲಿ ಹಿಂದೆ ಕೇರಂ ಆಡುತ್ತಿದ್ದ ಕೋಣೆಯೊಂದಿದೆ. ಅದೇ ಈಗ ನಮ್ಮ ವಸ್ತುಸಂಗ್ರಹಾಲಯ. ಸಂಬಳದವರು ಯಾರೂ ಇಲ್ಲ. ನಾನು ಬ್ಯಾಂಕಿನಿಂದ ನಿವೃತ್ತ. ರಾತ್ರಿ ಶಾಲೆಯಲ್ಲಿ ಪಾಠ ಮಾಡಿದ ಮೇಷ್ಟ್ರೊಬ್ಬರು, ಹೊಟೇಲನ್ನು ಮಗನಿಗೆ ಒಪ್ಪಿಸಿ ಬಿಡುವಾದ ಯಜಮಾನರೊಬ್ಬರು, ಕನ್ನಡ ಎಂ.ಎ. ಓದುವ ಇಬ್ಬರು ಹುಡುಗಿಯರು, ಇಷ್ಟೇ ಜನ. ಭಾನುವಾರ ಮಾತ್ರ ಬಾಗಿಲು ತೆರೆಯುತ್ತೇವೆ.

ಮ್ಯೂಸಿಯಂ ಮಾಡಬೇಕು ಅಂತ ಯಾರೂ ಹೊರಟವರಲ್ಲ. ಸಂಘದ ಸ್ಮರಣ ಸಂಚಿಕೆಗೆ ಹಳೆಯ ಫೋಟೋ ಇದ್ದವರು ಕೊಡಿ ಅಂತ ಕೇಳಿದೆವು. ಫೋಟೋ ಬಂದವು, ಜತೆಗೆ ತಗಡಿನ ಟ್ರಂಕು ಬಂತು, ಹಿತ್ತಾಳೆ ಬಿಲ್ಲೆಗಳು ಬಂದವು, ಒಬ್ಬರಂತೂ ಟೆಂಪೋದಲ್ಲಿ ರುಬ್ಬುವ ಕಲ್ಲು ಇಳಿಸಿಯೇ ಹೋದರು. ಸಂಚಿಕೆ ಅಚ್ಚಾಯಿತು, ಬಿಡುಗಡೆಯ ಊಟವೂ ಆಯಿತು. ವಸ್ತುಗಳನ್ನು ವಾಪಸು ಒಯ್ಯಲು ಒಬ್ಬರೂ ಬರಲಿಲ್ಲ. ಮಕ್ಕಳ ಫ್ಲ್ಯಾಟಿನಲ್ಲಿ ಟ್ರಂಕಿಗೆ ಜಾಗ ಎಲ್ಲಿ?

ದಕ್ಷಿಣ ಕನ್ನಡ, ಉಡುಪಿ ಕಡೆಯಿಂದ ಬಂದು, ಹಗಲು ಹೊಟೇಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಇಲ್ಲಿ ನೆಲೆನಿಂತವರ ಬದುಕು ಮಾತ್ರ ನಮ್ಮ ವಿಷಯ ಅಂತ ಮೊದಲೇ ಗೆರೆ ಎಳೆದುಕೊಂಡೆವು. ಸಾಹಿತ್ಯ, ನಾಟಕ, ಸಂಗೀತ ನೋಡಿಕೊಳ್ಳಲು ಮಾಟುಂಗದ ಮೈಸೂರು ಅಸೋಸಿಯೇಷನ್ ಇದೆ, 1926ರಿಂದ. ಕರಾವಳಿಯ ಮೀನುಗಾರ ಸಮುದಾಯದ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದ್ದು. ಅವರವರ ಚರಿತ್ರೆ ಅವರಲ್ಲೇ ಇದೆ. ಆದರೆ ಹದಿಮೂರು ವರ್ಷಕ್ಕೆ ಊರು ಬಿಟ್ಟು ಬಂದ ಕ್ಲೀನರ್ ಹುಡುಗನ ಚರಿತ್ರೆ ಅವನ ಟ್ರಂಕಿನೊಳಗೆ ಬಿಟ್ಟರೆ ಬೇರೆಲ್ಲಿಯೂ ಇಲ್ಲ.

ಈ ಕೆಲಸದಲ್ಲಿ ನನಗೆ ಗಟ್ಟಿಯಾದ ಅಭಿಪ್ರಾಯ ಒಂದೇ. ಕೊಟ್ಟವರ ಮಾತನ್ನು ಅವರು ಮೆಟ್ಟಿಲು ಇಳಿಯುವ ಮೊದಲು ಬರೆದುಕೊಳ್ಳಬೇಕು. ಬರೆಯದ ವಸ್ತು ಗುಜರಿ. ಬೈಕುಲಾದ ಭಾವು ದಾಜಿ ಲಾಡ್ ಮ್ಯೂಸಿಯಂನಂಥ, 1872ರಿಂದ ನಿಂತ ಕಟ್ಟಡದಲ್ಲಿ, ವಸ್ತು ತಾನೇ ಮಾತಾಡಬಹುದು. ನಮ್ಮಲ್ಲಿ ಇರುವುದು ಇಡ್ಲಿ ಅಟ್ಟೆ, ಸೀಮೆಎಣ್ಣೆ ಸ್ಟವ್, ಮಾಸಿದ ಮನಿ ಆರ್ಡರ್ ರಸೀದಿ. ಇದು ಯಾರದ್ದು, ಯಾವ ಊರಿಂದ ಬಂತು, ಯಾವ ಹೊಟೇಲಿನಲ್ಲಿತ್ತು ಅನ್ನುವುದು ಹೋದರೆ ಉಳಿಯುವುದು ತೂಕಕ್ಕೆ ಹಾಕುವ ಸಾಮಾನು.

ಹಾಗಾಗಿ ರಿಜಿಸ್ಟರ್ ನನ್ನ ಪಾಲಿಗೆ ಬಂತು. ಬ್ಯಾಂಕಿನವನಿಗೆ ಲೆಡ್ಜರ್ ಹೊಸತಲ್ಲ. ಸ್ವೀಕರಿಸಿದ ವರ್ಷ, ಆ ವರ್ಷದ ಎಷ್ಟನೆಯ ದಾನ, ಅದರೊಳಗೆ ಎಷ್ಟನೆಯ ವಸ್ತು, ಹೀಗೆ ಮೂರು ಭಾಗದ ಸಂಖ್ಯೆ. ದೊಡ್ಡ ಮ್ಯೂಸಿಯಂಗಳಲ್ಲೂ ಇದೇ ಕ್ರಮ ಬಳಕೆಯಲ್ಲಿದೆ. ಕಾಗದದ ಮೇಲೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆಯುತ್ತೇವೆ. ಲೋಹದ ಮೇಲಾದರೆ ಪ್ಯಾರಲಾಯ್ಡ್ ಬಿ-72 ಎಂಬ ಅಂಟನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಅದರ ಮೇಲೆ ಸಂಖ್ಯೆ. ನಾಳೆ ಬೇಡವಾದರೆ ಅಸಿಟೋನಿನಲ್ಲಿ ಒರೆಸಿ ತೆಗೆಯಬಹುದು.

ದಾನಪತ್ರಕ್ಕೆ ಸಹಿ ಹಾಕಿಸುವುದೇ ಕಷ್ಟ. "ಅಪ್ಪನ ಟ್ರಂಕು ಕೊಡ್ಲಿಕ್ಕೆ ಎಂತ ಕಾಗದ ಮಾರಾಯ್ರೆ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಮುಖ ಸಣ್ಣ ಮಾಡುತ್ತಾರೆ. ನಂಬಿಕೆ ಇದ್ದೇ ಇದೆ. ಆದರೆ ನಾಳೆ ತಮ್ಮನ ಮಗ ಬಂದು "ಅಜ್ಜನ ಟ್ರಂಕು ನಮಗೂ ಸೇರಿದ್ದು" ಅಂದರೆ ತೋರಿಸಲು ಒಂದು ಕಾಗದ ಬೇಡವೇ? ಈ ಮಾತು ಹೇಳುವ ಕೆಲಸ ಹೊಟೇಲು ಯಜಮಾನರದ್ದು. ಅವರು ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಲ ಗುರುತಿಸುವುದು ನನಗೆ ಎಲ್ಲಕ್ಕಿಂತ ಖುಷಿ ಕೊಡುವ ಭಾಗ. ದಾದರಿನ ಕಡೆಯ ಒಂದು ಮುಚ್ಚಿಹೋದ ಹೊಟೇಲಿನಿಂದ ದರದ ಬೋರ್ಡು ಬಂತು. ಮರದ ಹಲಗೆ, ಹಸಿರು ಬಣ್ಣ, ಮೇಲೆ ಬಿಳಿ ಅಕ್ಷರ. ಇಡ್ಲಿ, ವಡೆ, ಮಸಾಲೆ ದೋಸೆ, ಎದುರಿಗೆ ದರ. ವರ್ಷ ಎಲ್ಲಿಯೂ ಇಲ್ಲ. ಕೊಟ್ಟವರು "ತುಂಬ ಹಳೇದು" ಅಂದರು, ಅದು ಎಲ್ಲರೂ ಹೇಳುವುದೇ. ಆದರೆ ದರದ ಮುಂದೆ "ನ.ಪೈ.", ಅಂದರೆ ನಯೇ ಪೈಸೆ, ಅಂತ ಇತ್ತು. ದಶಮಾಂಶ ನಾಣ್ಯ ಬಂದದ್ದು 1957ರ ಏಪ್ರಿಲ್ 1ಕ್ಕೆ. 'ನಯಾ' ಬಿಟ್ಟು ಬರೀ ಪೈಸೆ ಆದದ್ದು 1964ರ ಜೂನ್ 1ಕ್ಕೆ. ಅಂದರೆ ಆ ಅಕ್ಷರ ಬರೆದದ್ದು ಹೆಚ್ಚುಕಮ್ಮಿ ಈ ಏಳು ವರ್ಷಗಳ ನಡುವೆ. ಎಂ.ಎ. ಹುಡುಗಿ ಟಾರ್ಚನ್ನು ಹಲಗೆಗೆ ತಾಗಿಸಿ ಓರೆಯಾಗಿ ಬೆಳಕು ಬಿಟ್ಟಳು. ಇಡ್ಲಿಯ ಎದುರಿನ 12ರ ಕೆಳಗೆ ಹಳೆಯ ಬಣ್ಣದ ಉಬ್ಬು ಎದ್ದು ಕಂಡಿತು: "2 ಆಣೆ". ಸರಕಾರದ ಲೆಕ್ಕದಲ್ಲಿ ಎರಡು ಆಣೆಗೆ ಹನ್ನೆರಡು ನಯೇ ಪೈಸೆ. ಯಜಮಾನರು ನಕ್ಕು, "ಹಾಗಾದ್ರೆ ಇವ ದರ ಏರಿಸ್ಲಿಲ್ಲ, ಪಾಪ" ಅಂದರು.

ಲಕೋಟೆಗಳಿಗೂ ಇಂಥದೇ ಕೀಲಿ. ವಿಳಾಸದಲ್ಲಿ "ಬಾಂಬೆ-19" ಅಂತ ಇದ್ದರೆ ಮಾಟುಂಗ, ಆರಂಕಿಯ 400019 ಇದ್ದರೆ 1972ರ ಆಗಸ್ಟ್ 15ರ ನಂತರದ್ದು, ಯಾಕೆಂದರೆ ಪಿನ್ ಕೋಡ್ ಶುರುವಾದದ್ದೇ ಅಂದು. ಟ್ರಂಕಿನ ಮೇಲೆ "ಸೌತ್ ಕೆನರಾ" ಬರೆದವನಿಗೆ ತನ್ನ ಜಿಲ್ಲೆ ಮದರಾಸಿಗೆ ಸೇರಿದ್ದಾಗಿರಬಹುದು. 1956ರ ನವೆಂಬರ್ 1ರವರೆಗೆ ಉಡುಪಿಯವನೂ ಧಾರವಾಡದವನೂ ಕನ್ನಡದವರಾದರೂ ಒಬ್ಬ ಮದರಾಸಿನವನು, ಇನ್ನೊಬ್ಬ ಮುಂಬಯಿ ಪ್ರಾಂತ್ಯದವನೇ. ಇದನ್ನು ಕೇಳಿ ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಬೆರಗಾಗುತ್ತಾರೆ.

ಮೇಷ್ಟ್ರು ತಂದ ರಾತ್ರಿ ಶಾಲೆಯ ಹಾಜರಿ ಪುಸ್ತಕವನ್ನು ಮಾತ್ರ ಗಾಜಿನೊಳಗೆ ತೆರೆದಿಟ್ಟಿದ್ದೇವೆ. ಹೆಸರುಗಳ ಎದುರು ಷರಾ: "ಹೊಟೇಲು ಬದಲಿ", "ಊರಿಗೆ, ನಾಟಿ", "ರಾತ್ರಿ ಪಾಳಿ", ಮತ್ತೆ "ಊರಿಗೆ". ಒಬ್ಬ ಹುಡುಗನ ಸಾಲಿನಲ್ಲಿ ತಿಂಗಳಿಡೀ ಗೈರು, ಕೊನೆಗೆ ಮೇಷ್ಟ್ರ ಕೈಬರಹದಲ್ಲಿ "ಯಜಮಾನರಲ್ಲಿ ಕೇಳಬೇಕು". ಕೇಳಿದರೋ ಇಲ್ಲವೋ ಪುಸ್ತಕದಲ್ಲಿಲ್ಲ. ಬೆಳಕಿಗೆ ಶಾಯಿ ಮಾಸುತ್ತದೆ, ಆದ್ದರಿಂದ ಆಗಾಗ ಪುಟ ತಿರುವಿಹಾಕುತ್ತೇವೆ.

ಬೇಡ ಅನ್ನುವುದನ್ನೂ ಕಲಿಯಬೇಕಾಯಿತು. ಎರಡನೇ ರುಬ್ಬುವ ಕಲ್ಲು ಬೇಡ, ಹೊಲಿಗೆ ಮೆಷಿನ್ ಬೇಡ. ದೈವದ ಮೊಗ, ಅಂದರೆ ಭೂತಾರಾಧನೆಯ ಮುಖವಾಡ, ಬಂದಾಗ ಒಳಗೇ ತೆಗೆದುಕೊಳ್ಳಲಿಲ್ಲ. ಅದರ ಜಾಗ ಊರಿನ ದೈವಸ್ಥಾನದಲ್ಲಿ, ಕೆಳಗೆ ಮದುವೆ ಹಾಲಿರುವ ಕಟ್ಟಡದಲ್ಲಲ್ಲ. ಹಳೆಯ ಮೂರ್ತಿಗಳಿಗೆ ಕಾನೂನಿನ ಮಾತೂ ಇದೆ. 1972ರ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ವಿಗ್ರಹ ಪುರಾತನ ವಸ್ತು, ಅದಕ್ಕೆ ನೋಂದಣಿ ಬೇಕು. ಆ ಉಸಾಬರಿ ಹೊರುವ ಶಕ್ತಿ ನಮಗಿಲ್ಲ.

ಮುಂಬಯಿಯಲ್ಲಿ ಕಾಗದದ ಶತ್ರು ಮಳೆಗಾಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದಾಗ ನೆಲಮಹಡಿಯ ಮನೆಗಳಲ್ಲಿ ಎಷ್ಟು ಆಲ್ಬಮ್ ಹೋದವೋ! ಕೆಳಗಿನ ಕೋಣೆ ಕೊಡುತ್ತೇವೆ ಅಂದಾಗಲೂ ನಾವು ಎರಡನೇ ಮಹಡಿ ಬಿಡದ್ದು ಇದಕ್ಕೇ. ಹಗಲು ಏಸಿ ಹಾಕಿ ರಾತ್ರಿ ಆರಿಸಿದರೆ ತೇವ ಏರಿಳಿದು ಕಾಗದಕ್ಕೆ ಇನ್ನೂ ಕೆಟ್ಟದ್ದು, ದಿನವಿಡೀ ಹಾಕಲು ದುಡ್ಡಿಲ್ಲ. ಅದಕ್ಕೆ ಮುಚ್ಚಳ ಬಿಗಿಯಾದ ಡಬ್ಬ, ಒಳಗೆ ಸಿಲಿಕಾ ಜೆಲ್, ನೀಲಿ ಬಣ್ಣ ಹೋದಾಗ ಬಿಸಿ ಮಾಡಿ ಮತ್ತೆ ಇಡುವುದು. ನುಸಿಗುಳಿಗೆ ಇಲ್ಲ, ಸೆಲ್ಲೋಟೇಪ್ ಇಲ್ಲ, ಲ್ಯಾಮಿನೇಷನ್ ಅಂತೂ ಇಲ್ಲವೇ ಇಲ್ಲ. ಹುಳ ಕಂಡ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಯಜಮಾನರ ಗೋಡೌನಿನಲ್ಲಿ ಖಾಲಿ ಬಿದ್ದಿದ್ದ ಐಸ್‌ಕ್ರೀಮ್ ಫ್ರೀಜರಿನಲ್ಲಿ ಎರಡು ವಾರ ಇಡುತ್ತೇವೆ. ಮೈನಸ್ 18 ಡಿಗ್ರಿಯಲ್ಲಿ ಹುಳ, ಮೊಟ್ಟೆ ಎರಡೂ ಸಾಯುತ್ತವೆ. ಹೊರಗೆ ತೆಗೆದ ಕೂಡಲೇ ಚೀಲ ಬಿಚ್ಚಬಾರದು, ತಂಪು ಇಳಿಯದಿದ್ದರೆ ಪುಸ್ತಕ ಬೆವರುತ್ತದೆ.

ಪುಣೆಯ ರಾಜಾ ದಿನಕರ್ ಕೇಳ್ಕರ್ ಮ್ಯೂಸಿಯಂ ನೋಡಿ ಬಂದ ಮೇಲೆ ನಮ್ಮ ಕಮಿಟಿಯಲ್ಲಿ ಚರ್ಚೆ ಎದ್ದಿತು. ಒಬ್ಬರೇ ಮನುಷ್ಯ ಊರೂರು ತಿರುಗಿ ಕೂಡಿಸಿದ ದೀಪ, ಅಡಕತ್ತರಿ, ಪಾತ್ರೆಪಡಿಗಳನ್ನು 1975ರಲ್ಲಿ ಸರಕಾರಕ್ಕೆ ಒಪ್ಪಿಸಿದ್ದರಿಂದ ಅವರ ನಂತರವೂ ಅವು ಉಳಿದವು. ನಮ್ಮ ನಂತರ? ಸರಕಾರ ಇಡ್ಲಿ ಅಟ್ಟೆ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಕಮಿಟಿ ಮಾಡಿದ ಠರಾವು ಇಷ್ಟು: ರಿಜಿಸ್ಟರಿನ ಪ್ರತಿ ಪುಟದ ಸ್ಕ್ಯಾನ್ ಮೂರು ಕಡೆ ಇರಬೇಕು, ಸಂಘ ಈ ಕೋಣೆ ವಾಪಸು ಕೇಳಿದರೆ ಆರು ತಿಂಗಳ ನೋಟಿಸು ಕೊಡಬೇಕು, ದಾನಿಗಳ ಮನೆಯವರಿಗೆ ಮೊದಲು ತಿಳಿಸಬೇಕು. ಸದ್ಯ ದೀಪಾವಳಿಯವರೆಗೆ ಹೊಸ ವಸ್ತು ತೆಗೆದುಕೊಳ್ಳುವುದಿಲ್ಲ. ಎಂಬತ್ತು ದಾಟಿದ ಅಡುಗೆ ಭಟ್ಟರ, ಸಪ್ಲಾಯರ್‌ಗಳ ಪಟ್ಟಿ ಕೈಯಲ್ಲಿದೆ, ಮೊದಲು ಅವರ ಮನೆಗೆ ಹೋಗಿ ಮಾತು ರೆಕಾರ್ಡ್ ಮಾಡಿಕೊಳ್ಳಬೇಕು.