ಗರ್ಭಿಣಿಯಾದ ಮೇಲೆ ಆರೋಗ್ಯ ವಿಮೆ: ಎಲ್ಲಿ ಹುಡುಕಬೇಕು, ಹೇಗೆ?

ಗರ್ಭ ನಿಂತದ್ದು ಖಚಿತವಾದ ವಾರದಲ್ಲೇ ಏಜೆಂಟರನ್ನು ಕರೆಸಿ ಹೊಸ ಆರೋಗ್ಯ ವಿಮೆ ಕೊಂಡು, ಹೆರಿಗೆಯ ಬಿಲ್ಲು ಕೈಗೆ ಬಂದ ದಿನ ಅದರಿಂದ ಒಂದು ರೂಪಾಯಿಯೂ ದಕ್ಕದೆಂದು ತಿಳಿದು ತಲೆಯ ಮೇಲೆ ಕೈಹೊತ್ತು ಕುಳಿತ ಹಲವು ದಂಪತಿಗಳನ್ನು ನಾನು ನೋಡಿದ್ದೇನೆ. ನಾವೇ ಹಣ ಕಟ್ಟಿ ಕೊಳ್ಳುವ ಪಾಲಿಸಿಗಳು ಹೆರಿಗೆಯ ವೆಚ್ಚವನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತವೆ. ಹೆರಿಗೆ ಸೌಲಭ್ಯವುಳ್ಳವುಗಳಲ್ಲೂ ಬಹುಮಟ್ಟಿಗೆ 9 ತಿಂಗಳಿಂದ 4 ವರ್ಷದವರೆಗೆ ಕಾಯಬೇಕಾಗುತ್ತದೆ. ‘ಅರ್ಜಿಯಲ್ಲಿ ಗರ್ಭಿಣಿ ಎಂದು ಬರೆಯಬೇಡಿ, ಮುಂದೆ ನೋಡಿಕೊಳ್ಳೋಣ’ ಎನ್ನುವ ಏಜೆಂಟರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ. ಸತ್ಯ ಮುಚ್ಚಿಟ್ಟ ಕಾರಣಕ್ಕೆ ಕಂಪನಿಯು ಪಾಲಿಸಿಯನ್ನೇ ರದ್ದುಮಾಡಿದರೆ ಬೇರೆ ಕಾಯಿಲೆಗಳಿಗೂ ರಕ್ಷಣೆ ಉಳಿಯದು. ಈಗ ಹುಡುಕಬೇಕಾದದ್ದು ಈಗಾಗಲೇ ನಿಮ್ಮ ಹಕ್ಕಿನಲ್ಲಿರುವ ರಕ್ಷಣೆಯನ್ನು.

ಮೊದಲು ಆಶಾ ಕಾರ್ಯಕರ್ತೆಯ ಮೂಲಕ ಹೆಸರು ನೋಂದಾಯಿಸಿ, ಗರ್ಭಿಣಿಯ ತಪಾಸಣೆಗಳ ವಿವರ ದಾಖಲಿಸುವ ಸರ್ಕಾರಿ ತಾಯಿ ಕಾರ್ಡ್ ಪಡೆಯಿರಿ. ಖಾಸಗಿ ಆಸ್ಪತ್ರೆಗೆ ಹೋಗುವವರೂ ಇದನ್ನು ಬಿಡಬಾರದು.

ಎರಡನೆಯದಾಗಿ, ನಿಮ್ಮ ಅಥವಾ ಪತಿಯ ಕಚೇರಿಯ ಗುಂಪು ವಿಮೆಯನ್ನು ನೋಡಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ‘ಮೂರು ಲಕ್ಷದ ವಿಮೆ ಇದೆ’ ಎಂಬ ಮಾತನ್ನು ನಂಬಿ ಕೂರದೆ, ಎಚ್‌ಆರ್ ವಿಭಾಗದಿಂದ ಸೌಲಭ್ಯಗಳ ಪಟ್ಟಿಯನ್ನು ಬರಹದಲ್ಲಿ ತರಿಸಿಕೊಳ್ಳಿ. ಅದರಲ್ಲಿ 9 ತಿಂಗಳ ಕಾಯುವ ಅವಧಿಯನ್ನು ಕೈಬಿಟ್ಟಿದ್ದಾರೆಯೇ, ಸಹಜ ಹೆರಿಗೆಗೂ ಸಿಸೇರಿಯನ್‌ಗೂ ಪ್ರತ್ಯೇಕ ಮಿತಿ ಎಷ್ಟು, ಸ್ಕ್ಯಾನ್ ಮತ್ತು ತಪಾಸಣೆಗಳ ವೆಚ್ಚ ಆ ಮಿತಿಯೊಳಗೆ ಸೇರಿದೆಯೇ ಎಂಬುದನ್ನು ಬೆರಳಿಟ್ಟು ಓದಿ. ಒಟ್ಟು ವಿಮೆ 3 ಲಕ್ಷ ರೂಪಾಯಿಯಿದ್ದು ಸಿಸೇರಿಯನ್ ಮಿತಿ 50,000 ಎಂದಿದ್ದರೆ, ಆಸ್ಪತ್ರೆಯ ಬಿಲ್ಲು 90,000 ಆದಾಗ 40,000 ನಿಮ್ಮ ಜೇಬಿನಿಂದಲೇ ಹೋಗಬೇಕು. ಪತಿಯ ಪಾಲಿಸಿಯಲ್ಲಿ ಪತ್ನಿಯ ಹೆಸರು ಸೇರಿದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಿ. ಮದುವೆಯಾದ ಹೊಸತರಲ್ಲಿ, ಸಾಮಾನ್ಯವಾಗಿ ತಿಂಗಳೊಳಗೆ, ಸೇರಿಸದಿದ್ದರೆ ಮುಂದಿನ ನವೀಕರಣದವರೆಗೂ ಅವಕಾಶ ಸಿಗದಿರಬಹುದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವವರು ತವರೂರಿನ ಯಾವ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಸೌಲಭ್ಯ (ವಿಮಾ ಕಂಪನಿಯೇ ಆಸ್ಪತ್ರೆಗೆ ನೇರವಾಗಿ ಹಣ ಕಟ್ಟುವ ವ್ಯವಸ್ಥೆ) ಇದೆ ಎಂಬುದನ್ನು ಸೀಮಂತಕ್ಕೆ ಮೊದಲೇ ವಿಚಾರಿಸಬೇಕು. ಮಗುವನ್ನು ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಇಡಬೇಕಾಗಿ ಬಂದರೆ ಆ ಬಿಲ್ಲು ಮಗುವಿನ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಶಿಶುವಿಗೆ ರಕ್ಷಣೆ ಇದೆಯೇ, ಹುಟ್ಟಿದ ಎಷ್ಟು ದಿನದೊಳಗೆ ಎಚ್‌ಆರ್‌ಗೆ ತಿಳಿಸಬೇಕು ಎಂಬ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಈಮೇಲ್‌ನಲ್ಲಿಯೇ ಪಡೆದಿಟ್ಟುಕೊಳ್ಳಿ. ಫೋನಿನಲ್ಲಿ ಕೊಟ್ಟ ಭರವಸೆ ಕ್ಲೇಮಿನ ಹೊತ್ತಿಗೆ ನಿಲ್ಲುವುದಿಲ್ಲ.

ತಿಂಗಳ ಸಂಬಳ 21,000 ರೂಪಾಯಿ ಮೀರದ, ಇಎಸ್‌ಐ (ನೌಕರರ ರಾಜ್ಯ ವಿಮೆ) ವಂತಿಗೆ ಕಡಿತವಾಗುವ ನೌಕರರಿಗೆ ಬೇರೆ ವಿಮೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ನೌಕರರ ಪಾಲು ಸಂಬಳದ ಶೇ 0.75 ಮಾತ್ರ, ಪತಿ ವಿಮಾದಾರನಾದರೆ ಪತ್ನಿಗೂ ಚಿಕಿತ್ಸೆ ಸಿಗುತ್ತದೆ. ಮಹಿಳೆಯೇ ವಿಮಾದಾರಳಾಗಿದ್ದು, ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ (ತಲಾ ಆರು ತಿಂಗಳು) ಕನಿಷ್ಠ 70 ದಿನಗಳ ವಂತಿಗೆ ಸಂದಿದ್ದರೆ, ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನ ಭತ್ಯೆಯೂ ಇದೆ.

ಕಚೇರಿಯ ವಿಮೆಯೂ ಇಎಸ್‌ಐಯೂ ಇಲ್ಲದವರು ರೇಷನ್ ಕಾರ್ಡ್ ಹೊರತೆಗೆಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಎಪಿಎಲ್ ಕುಟುಂಬಗಳಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಯೋಜನೆ ನಿಗದಿಪಡಿಸಿದ ದರ) ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ಇಲ್ಲಿರುವ ತೊಡಕು ಹೆಸರಿನದು. ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಇನ್ನೂ ಸೇರಿಸದ ಹೆಣ್ಣುಮಗಳು ಎರಡೂ ಕಡೆ ಇಲ್ಲದಂತಾಗುತ್ತಾಳೆ. ಹೆಸರು ಸೇರ್ಪಡೆಗೆ ಸಮಯ ಹಿಡಿಯುವುದರಿಂದ ಮೂರನೆಯ ತಿಂಗಳಲ್ಲೇ ಅರ್ಜಿ ಹಾಕಬೇಕು. ಈ ಕಾರ್ಡ್ ಹಿಡಿದು ನೇರವಾಗಿ ಖಾಸಗಿ ಆಸ್ಪತ್ರೆಗೆ ಹೋಗುವುದೂ ತಪ್ಪು. ತುರ್ತು ಸಂದರ್ಭಗಳನ್ನು ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುತ್ತದೆ.

ಕೊನೆಯದು, ಯಾವ ಕಾರ್ಡೂ ಕೇಳದ ದಾರಿ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಸೇರಿದಂತೆ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ಊಟ ಎಲ್ಲವೂ ಉಚಿತ. ಬಾಣಂತಿಯನ್ನು ಮನೆಗೆ ಬಿಡಲು ನಗು-ಮಗು ವಾಹನವೂ ಇದೆ. ಬೆಂಗಳೂರಿನ ವಾಣಿವಿಲಾಸ, ಮೈಸೂರಿನ ಚೆಲುವಾಂಬ, ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಗಳಲ್ಲಿ ಜನಸಂದಣಿ ಇರುವುದು ನಿಜ, ಆದರೆ ಕಷ್ಟದ ಹೆರಿಗೆಗಳನ್ನು ದಿನನಿತ್ಯ ನಿಭಾಯಿಸುವ ವೈದ್ಯರೂ ಅಲ್ಲಿಯೇ ಇದ್ದಾರೆ. ಪ್ರತಿ ತಿಂಗಳ 9ನೆಯ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ನಡೆಯುವ ಉಚಿತ ತಪಾಸಣೆಗೆ ಒಮ್ಮೆ ಹೋಗಿ ನೋಡಿ, ಬಳಿಕ ನಿರ್ಧರಿಸಿ. ಖಾಸಗಿಯೇ ಬೇಕೆನ್ನುವವರು ಹೆಚ್ಚುವರಿ ಪ್ರೀಮಿಯಂ ಕೇಳುವ ಹೆರಿಗೆ ಸೌಲಭ್ಯದ ಪಾಲಿಸಿಗೆ ಈಗ ಹಣ ಸುರಿಯುವ ಬದಲು ಅದೇ ಹಣವನ್ನು ಈ ತಿಂಗಳಿಂದಲೇ ಬ್ಯಾಂಕಿನ ಆರ್‌ಡಿಯಲ್ಲಿ (ತಿಂಗಳು ತಿಂಗಳು ಕಟ್ಟುವ ಠೇವಣಿ) ಕಟ್ಟಿ, ಆಸ್ಪತ್ರೆಯಿಂದ ಸಹಜ ಹೆರಿಗೆ ಮತ್ತು ಸಿಸೇರಿಯನ್ ಎರಡರ ಅಂದಾಜು ವೆಚ್ಚವನ್ನೂ ಬರೆಸಿಕೊಂಡು ಬನ್ನಿ.