ಹಸಿರು ಮುಚ್ಚಳದ ಟ್ಯೂಬು

ಬಣ್ಣದ ದ್ರಾವಣ ಬಿದ್ದ ಕೂಡಲೇ ನೀಲಿಯೆಲ್ಲ ನೇರಳೆಗೆ ತಿರುಗಿತು. ಅದೂ ಆರೋಗ್ಯವಂತರ ಪ್ಲಾಸ್ಮಾ (ರಕ್ತದ ದ್ರವಭಾಗ) ಹಾಕಿದ್ದ ಗುಳಿಗಳಲ್ಲಿ. ಮೈಲೋಮಾ ಎಂಬ ಕ್ಯಾನ್ಸರಿನ ರೋಗಿಗಳ ಸಾಲು ಹೆಚ್ಚುಕಡಿಮೆ ನೀಲಿಯಾಗಿಯೇ ಉಳಿದಿತ್ತು. ನಾನು ಎದುರು ನೋಡುತ್ತಿದ್ದುದು ಇದರ ತದ್ವಿರುದ್ಧ.

ನಮ್ಮ ರೋಗನಿರೋಧಕ ಕೋಶಗಳು ಉದ್ದನೆಯ ಸಕ್ಕರೆ ಸರಪಳಿಗಳನ್ನು ಹೆಣೆದು ಅವುಗಳಿಗೆ ಸಲ್ಫೇಟ್ ಜೋಡಿಸುತ್ತವೆ. ಅವುಗಳಲ್ಲೊಂದು ಬಗೆಯಾದ ಲಿಂಫೋಸೈಟುಗಳು ತಯಾರಿಸುವುದರಲ್ಲಿ ಹೆಚ್ಚಿನದು ಕಾಂಡ್ರಾಯಿಟಿನ್ ಸಲ್ಫೇಟ್. ಸರ್ಗ್ಲೈಸಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡ ಈ ಸರಪಳಿ, ಕೊಲ್ಲುವ ಕೋಶಗಳ ಕಣಗಳೊಳಗೆ ಗ್ರಾನ್ಜೈಮ್‌ನಂಥ ಅಸ್ತ್ರಗಳನ್ನು ಹಿಡಿದಿಡುತ್ತದೆ. ಮೈಲೋಮಾ ಎಂದರೆ ಪ್ರತಿಕಾಯ ತಯಾರಿಸುವ ಪ್ಲಾಸ್ಮಾ ಕೋಶಗಳ ಕ್ಯಾನ್ಸರ್. ಆ ಕೋಶಗಳ ಮೈಮೇಲಿರುವ ಸಿಂಡಿಕನ್-1 ಎಂಬ ಪ್ರೋಟೀನು (ರೋಗಶಾಸ್ತ್ರಜ್ಞರ ಬಾಯಲ್ಲಿ ಸಿಡಿ138) ಇದೇ ಬಗೆಯ ಇನ್ನೊಂದು ಸರಪಳಿಯಾದ ಹೆಪರಾನ್ ಸಲ್ಫೇಟನ್ನು ಹೊತ್ತಿರುತ್ತದೆ, ಕಳಚಿಕೊಂಡು ರಕ್ತಕ್ಕೂ ಸೇರುತ್ತದೆ. ರಕ್ತದಲ್ಲಿ ಅದು ಹೆಚ್ಚಿದ್ದವರ ಸ್ಥಿತಿ ಸಾಮಾನ್ಯವಾಗಿ ಹೆಚ್ಚು ಗಂಭೀರ. ಪ್ಲಾಸ್ಮಾವನ್ನು ಪ್ರೋಟೀನು ಕತ್ತರಿಸುವ ಪಪೇನ್ ಕಿಣ್ವದಿಂದ ಜೀರ್ಣಿಸಿ, ಸಲ್ಫೇಟ್ ಹೊತ್ತ ಸಕ್ಕರೆ ಸಿಕ್ಕರೆ ನೇರಳೆಗೆ ತಿರುಗುವ ಡೈಮೀಥೈಲ್ ಮೀಥಿಲೀನ್ ಬ್ಲೂ ಬಣ್ಣ ಹಾಕಿ, 525 ನ್ಯಾನೊಮೀಟರ್‌ನಲ್ಲಿ ಓದಿದರೆ ಈ ವ್ಯತ್ಯಾಸ ಕಾಣಬೇಕು ಎಂಬುದು ನನ್ನ ಲೆಕ್ಕಾಚಾರ.

ಎರಡು ದಿನ ತಲೆ ಕೆರೆದುಕೊಂಡೆ. ಹೊಸ ಸಂಶೋಧನೆಯೇ ಇರಬಹುದೆಂಬ ಆಸೆಯೂ ಇಣುಕಿತ್ತು, ಸುಳ್ಳೇಕೆ ಹೇಳಲಿ? ಮೂರನೆಯ ದಿನ ನಮ್ಮ ಹಿರಿಯ ತಂತ್ರಜ್ಞರು ಕಸದ ಡಬ್ಬಿಯತ್ತ ನೋಡಿ ಕೇಳಿದರು: "ಮೇಡಂ, ಆರೋಗ್ಯವಂತರ ರಕ್ತವನ್ನು ಹಸಿರು ಮುಚ್ಚಳದ ಟ್ಯೂಬಿನಲ್ಲಿ ತೆಗೆದಿರಾ?"

ರೋಗಿಗಳ ರಕ್ತ ನೇರಳೆ ಮುಚ್ಚಳದ, ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಹಾಕಿದ ಟ್ಯೂಬಿನಲ್ಲಿ ಬಂದಿತ್ತು. ನಮ್ಮ ಸಹೋದ್ಯೋಗಿಗಳದನ್ನು ನಾನೇ ಹಸಿರು ಮುಚ್ಚಳದ ಟ್ಯೂಬಿಗೆ ತೆಗೆದಿದ್ದೆ. ಅದರೊಳಗೆ ರಕ್ತ ಹೆಪ್ಪುಗಟ್ಟದಂತೆ ಇರುವುದು ಹೆಪಾರಿನ್. ಸಲ್ಫೇಟ್ ತುಂಬಿ ತುಳುಕುವ ಸಕ್ಕರೆ, ಹಂದಿಯ ಕರುಳಿನ ಒಳಪದರದಿಂದ ತೆಗೆದದ್ದು. ಅಷ್ಟೂ ದಿನ ನಾನು ಅಳೆದದ್ದು ಹಂದಿಯ ಸಕ್ಕರೆಯನ್ನು.

ಯಾರು ತಯಾರಿಸಿದ ಸಕ್ಕರೆ ಎಂಬುದನ್ನು ಬಣ್ಣ ಹೇಳುವುದಿಲ್ಲ. ಆದ್ದರಿಂದ ವಿಕಿರಣ ಸೂಸುವ ಗಂಧಕದ ದಾರಿ ಹಿಡಿದೆ. ಗಂಧಕ-35 ಸೇರಿದ ಸಲ್ಫೇಟನ್ನು ಕೋಶಗಳಿಗೆ ಉಣಿಸಿದರೆ ಅವು ಆ ಹೊತ್ತಿನಲ್ಲಿ ಹೆಣೆದ ಸರಪಳಿಗೆ ಮಾತ್ರ ಗುರುತು ಬೀಳುತ್ತದೆ. ಅರ್ಧಾಯುಷ್ಯ ಸುಮಾರು 87 ದಿನ, ಹಾಗಾಗಿ ಆತುರವಿಲ್ಲ. ಅನುಮತಿಯ ಕಾಗದಪತ್ರಗಳಿಗೇ ಅದಕ್ಕಿಂತ ಹೆಚ್ಚು ದಿನ ಹಿಡಿದವು. ಕೋಶಗಳ ದ್ರವಾಹಾರದಲ್ಲಿ ಮೆಗ್ನೀಸಿಯಂ ಸಲ್ಫೇಟಿನ ಬದಲು ಮೆಗ್ನೀಸಿಯಂ ಕ್ಲೋರೈಡ್ ಹಾಕಿದೆ. ಸಾಧಾರಣ ಸಲ್ಫೇಟ್ ಇದ್ದಷ್ಟೂ ಗುರುತಿನದು ತೆಳುವಾಗುತ್ತದೆ.

ಆದರೂ ವಿಕಿರಣದ ಎಣಿಕೆ ಪಾತಾಳದಲ್ಲಿಯೇ ಇತ್ತು. ಈ ಸಲ ಕಳ್ಳನನ್ನು ನಾನೇ ಹಿಡಿದೆ. ಬ್ಯಾಕ್ಟೀರಿಯಾ ಬೆಳೆಯದಿರಲೆಂದು ಹಾಕುತ್ತಿದ್ದ ಆ್ಯಂಟಿಬಯಾಟಿಕ್ ಬಾಟಲಿಯನ್ನು ತಿರುಗಿಸಿ ನೋಡಿದರೆ, ಪೆನಿಸಿಲಿನ್ ಜೊತೆಗೆ ಸ್ಟ್ರೆಪ್ಟೋಮೈಸಿನ್ ಸಲ್ಫೇಟ್. ಬರೀ ಪೆನಿಸಿಲಿನ್‌ಗೆ ಬದಲಾಯಿಸಿದ ವಾರವೇ ಎಣಿಕೆ ಏರಿತು.

ಬಳಿಕ ಪ್ರತಿ ಮಾದರಿಯನ್ನೂ ಮೂರು ಪಾಲು ಮಾಡಿದೆ. ಒಂದಕ್ಕೆ ಕಾಂಡ್ರಾಯಿಟಿನನ್ನು ಕತ್ತರಿಸುವ ಕಾಂಡ್ರಾಯಿಟಿನೇಸ್ ಎಬಿಸಿ ಕಿಣ್ವ. ಇನ್ನೊಂದಕ್ಕೆ ಹೆಪರಾನನ್ನು ಮಾತ್ರ ಮುರಿಯುವ ನೈಟ್ರಸ್ ಆಮ್ಲ, ಪಿಎಚ್ 1.5ರಲ್ಲಿ. ಈ ಆಮ್ಲವನ್ನು ಮಂಜುಗಡ್ಡೆಯ ಮೇಲೆ ಆಗಿಂದಾಗಲೇ ಮಾಡಿಕೊಳ್ಳಬೇಕು, ಹಳತಾದರೆ ಕೆಲಸಕ್ಕೆ ಬಾರದು. ಮೂರನೆಯದನ್ನು ಮುಟ್ಟಲಿಲ್ಲ. ಮೂರನ್ನೂ ಒಂದಾದ ಮೇಲೊಂದರಂತೆ ಜೆಲ್ ಕಾಲಮ್ಮಿನಲ್ಲಿ ಇಳಿಸಿದೆ: ಇಡಿಯಾಗಿ ಉಳಿದ ಸರಪಳಿ ಮೊದಲು ಹೊರಬರುತ್ತದೆ, ತುಂಡಾದದ್ದು ತಡವಾಗಿ.

ಆರೋಗ್ಯವಂತರ ಲಿಂಫೋಸೈಟುಗಳಲ್ಲಿ ಕಿಣ್ವ ತಾಗಿದ ಪಾಲಿನ ಎಣಿಕೆಯ ಶಿಖರ ಬಹುತೇಕ ಕೊನೆಗೆ ಸರಿಯಿತು, ಆಮ್ಲ ತಾಗಿದ್ದು ಅಲ್ಲಾಡಲಿಲ್ಲ. ಯು266 ಎಂಬ ಮೈಲೋಮಾ ಕೋಶಗಳಲ್ಲಿ ಆಮ್ಲದ ಪಾಲೂ ದೊಡ್ಡ ಪ್ರಮಾಣದಲ್ಲಿ ಜಾರಿತು. ಅದು ಹೆಪರಾನ್.

ಹಾಳೆಯನ್ನು ತಂತ್ರಜ್ಞರಿಗೆ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು, "ಕೋಶ ಬೆಳೆಸಿದ್ದು ಕರುವಿನ ಸೀರಮ್ಮಿನಲ್ಲಿ ತಾನೇ? ಅದರಲ್ಲಿಯೂ ಇಂಥ ಸಕ್ಕರೆ ಇರುತ್ತದಲ್ಲ" ಎಂದರು.

"ಇರುತ್ತದೆ ಸರ್. ಆದರೆ ಕರುವಿಗೆ ನಾನು ಗಂಧಕ-35 ಉಣಿಸಿಲ್ಲ" ಎಂದೆ.