ಫರ್ಸಿ ಹಾಸಿದ ಖೋಲಿಗೆ ಹೋಮ್ ಥಿಯೇಟರ್: ಮೊದಲು ಚಪ್ಪಾಳೆ ತಟ್ಟಿ, ಆಮೇಲೆ ಅಂಗಡಿಗೆ ಹೋಗಿ

ಶೋರೂಮಿನಲ್ಲಿ ಎದೆ ನಡುಗಿಸಿದ ಸೌಂಡ್ ಸಿಸ್ಟಂ ಮನೆಗೆ ಬಂದು ವಾರ ಕಳೆಯುವುದರೊಳಗೆ ಬೇಸರ ತರಿಸುವುದನ್ನು ಕಲಬುರಗಿಯ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದೂರು ಎಲ್ಲ ಕಡೆ ಒಂದೇ. ಪಡಸಾಲೆಯಲ್ಲಿ ಕೂತ ಅವ್ವ ಹೇಳುತ್ತಾಳೆ: "ಆವಾಜ್ ಭಾಳ ಅದ, ಖರೆ ಮಾತ ತಿಳೀವಲ್ದು." ಕಡಿಮೆ ದುಡ್ಡಿನಲ್ಲಿ ಸಿಸ್ಟಂ ಆರಿಸುವಾಗ ನಾನು ಮೊದಲು ನೆನೆಯುವುದು ಈ ದೂರನ್ನೇ. ಮಾತು ಬಿಡಿಬಿಡಿಯಾಗಿ ಕೇಳಬೇಕು. ಗುಡುಗು, ಗುಂಡಿನ ಸದ್ದು ಆಮೇಲೆ.

ಮಾತು ಕಲಸಿಹೋಗುವುದಕ್ಕೆ ಅರ್ಧ ಕಾರಣ ನಮ್ಮ ಮನೆಗಳೇ. ಕೆಳಗೆ ಶಹಾಬಾದ್ ಫರ್ಸಿ, ಮೇಲೆ ಸ್ಲ್ಯಾಬ್. ಫರ್ಸಿಯೂ ಸುಣ್ಣದಕಲ್ಲು, ವಾಡಿ, ಸೇಡಂ ಕಡೆಯ ಸಿಮೆಂಟೂ ಅದೇ ಸುಣ್ಣದಕಲ್ಲಿನಿಂದ ಆದದ್ದು. ಬೇಸಿಗೆಯಲ್ಲಿ ಅಂಗಾಲಿಗೆ ತಂಪು ಕೊಡುವ ಈ ಕಲ್ಲು ಸದ್ದನ್ನು ಮಾತ್ರ ಹೆಚ್ಚುಕಡಿಮೆ ಹೀರುವುದೇ ಇಲ್ಲ, ಬಂದದ್ದರ ಬಹುಪಾಲನ್ನು ತಿರುಗಿ ಎಸೆಯುತ್ತದೆ. ಆದ್ದರಿಂದ ಕೆಲಸ ಶುರುವಾಗಬೇಕಾದದ್ದು ಅಂಗಡಿಯಲ್ಲಲ್ಲ, ಖೋಲಿಯಲ್ಲಿ.

ಖೋಲಿಯ ಪರೀಕ್ಷೆ

ಟಿವಿ ಇರುವ ಖೋಲಿಯ ನಡುವೆ ನಿಂತು, ಫ್ಯಾನು, ಕೂಲರ್ ಆರಿಸಿ, ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. 'ಟಪ್' ಎಂದು ಅಲ್ಲಿಗೇ ಮುಗಿದರೆ ನೀವು ಅದೃಷ್ಟವಂತರು. ಹಿಂದೆಯೇ 'ಝಣ್' ಎಂಬ ಸಣ್ಣ ಬಾಲ ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಓಡಾಡುತ್ತಿದೆ ಎಂದರ್ಥ. ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುವುದು ಹೀಗೆ. ಎಷ್ಟೇ ದುಬಾರಿ ಸ್ಪೀಕರ್ ತಂದಿಟ್ಟರೂ ಈ ಝಣಕಾರ ಹೋಗುವುದಿಲ್ಲ.

ಇದಕ್ಕೆ ಮದ್ದು ಮನೆಯಲ್ಲೇ ಇದೆ. ಟಿವಿಗೂ ಕೂರುವ ಜಾಗಕ್ಕೂ ನಡುವಿನ ಫರ್ಸಿಯ ಮೇಲೆ ದಪ್ಪ ಜಮಖಾನೆ ಹಾಸಿ. ಕೂರುವವರ ಬೆನ್ನ ಹಿಂದಿನ ಗೋಡೆಗೆ ಹಳೆಯ ಕೌದಿಯೊಂದನ್ನು ತೂಗುಹಾಕಿ. ಪದರ ಪದರ ಬಟ್ಟೆ ಸೇರಿಸಿ ಹೊಲಿದ ನಮ್ಮ ಕೌದಿ ಮಾತಿನ ಮೇಲಿನ ಸ್ವರಗಳನ್ನು ಚೆನ್ನಾಗಿ ಹೀರುತ್ತದೆ. ಗೋಡೆಗೆ ಅಂಟಿಸದೆ ಎರಡು ಮೂರು ಇಂಚು ಬಿಟ್ಟು ತೂಗಿದರೆ ಇನ್ನೂ ಹೆಚ್ಚು. ಅಜ್ಜಿ ಹೊಲಿದ ಕೌದಿ ಟ್ರಂಕಿನಲ್ಲಿ ಕೊಳೆಯುವುದಕ್ಕಿಂತ ಹೀಗೆ ಕಣ್ಣೆದುರು ಇರಲಿ ಎಂಬುದು ನನ್ನ ಆಸೆಯೂ ಹೌದು. ಹತ್ತಿಯ ಗಾದಿ, ಲೋಡು, ಪುಸ್ತಕ ತುಂಬಿದ ಕಪಾಟು ಎಲ್ಲವೂ ಸಹಾಯಕ್ಕೆ ಬರುತ್ತವೆ. ಥರ್ಮಾಕೋಲ್ ಹಾಳೆ, ಮೊಟ್ಟೆಯ ಟ್ರೇ ಅಂಟಿಸಲು ಹೋಗಬೇಡಿ. ಥರ್ಮಾಕೋಲಿನಲ್ಲಿ ಗಾಳಿ ಒಳಹೋಗುವ ರಂಧ್ರಗಳಿಲ್ಲ, ಹಾಗಾಗಿ ಸದ್ದೂ ಒಳಹೋಗುವುದಿಲ್ಲ. ಮೊಟ್ಟೆಯ ಟ್ರೇ ತೀರಾ ತೆಳು. ಹಳ್ಳಿಯ ಮಣ್ಣಿನ ಮಾಳಿಗೆ ಮನೆಯವರಿಗೆ ಈ ತೊಂದರೆ ಕಡಿಮೆ.

ಇನ್ನೊಂದು ಶತ್ರು ಕೂಲರ್. ಏಪ್ರಿಲ್, ಮೇ ತಿಂಗಳಲ್ಲಿ ಕೂಲರ್ ಇಲ್ಲದೆ ಇಲ್ಲಿ ಟಿವಿ ಮುಂದೆ ಕೂರಲಾಗದು. ಅದು ಖೋಲಿಯೊಳಗೇ ಇದ್ದರೆ ಮಾತನ್ನು ನುಂಗುತ್ತದೆ. ಕಿಟಕಿಯ ಹೊರಗೆ ಸ್ಟ್ಯಾಂಡಿನ ಮೇಲಿಟ್ಟು, ಕಾಲಿನ ಕೆಳಗೆ ರಬ್ಬರ್ ತುಂಡು ಕೊಡಿ. ಕೂಲರನ್ನು ಮೀರಿಸಲೆಂದು ಹೆಚ್ಚು ವ್ಯಾಟಿನ ಸಿಸ್ಟಂ ಕೊಳ್ಳುವುದು ದುಬಾರಿ ದಾರಿ. ವ್ಯಾಟ್ ಇಮ್ಮಡಿಯಾದರೆ ಸದ್ದಿನ ಅಳತೆಯಲ್ಲಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು.

ಡಬ್ಬಿಯ ಮೇಲಿನ ಅಂಕಿ ಓದುವುದು

ವರ್ಷಗಳ ಹಿಂದೆ ನಾನೂ ಒಂದು 5.1 ಸೆಟ್ ತಂದಿದ್ದೆ. ಡಬ್ಬಿಯ ಮೇಲೆ ಸಾವಿರಾರು ವ್ಯಾಟ್ ಎಂದು ದೊಡ್ಡಕ್ಷರದಲ್ಲಿತ್ತು, ಪಕ್ಕದಲ್ಲಿ ಸಣ್ಣದಾಗಿ 'ಪಿಎಂಪಿಒ' ಎಂದಿತ್ತು. ಕ್ಷಣಮಾತ್ರ ಹೊಮ್ಮಬಹುದಾದ ಶಕ್ತಿಯನ್ನು ತಮಗೆ ಬೇಕಾದ ಹಾಗೆ ಲೆಕ್ಕ ಹಾಕಿ ಬರೆಯುವ ಅಂಕಿ ಅದು. ಅದಕ್ಕೆ ಒಪ್ಪಿತ ಅಳತೆಯೇ ಇಲ್ಲ. ನೋಡಬೇಕಾದದ್ದು 'ಆರ್‌ಎಂಎಸ್' ವ್ಯಾಟ್, ಅಂದರೆ ಸತತವಾಗಿ ಕೊಡಬಲ್ಲ ಶಕ್ತಿ. ಅದರ ಮೇಲೂ ಅನುಮಾನವಿದ್ದರೆ ಯಂತ್ರದ ಬೆನ್ನ ಮೇಲಿನ ಚೀಟಿ ಅಥವಾ ಅಡಾಪ್ಟರ್ ಓದಿ. ಅಡಾಪ್ಟರಿನಲ್ಲಿ 24 ವೋಲ್ಟ್, 2.5 ಆಂಪಿಯರ್ ಎಂದಿದ್ದರೆ ಗುಣಿಸಿ: 60 ವ್ಯಾಟ್. ಒಳಗೆ ಬಂದದ್ದೇ 60 ಆದಾಗ ಸತತವಾಗಿ 200 ವ್ಯಾಟ್ ಹೊರಗೆ ಹೋಗಲು ಸಾಧ್ಯವಿಲ್ಲ. ಈ ಒಂದು ಗುಣಾಕಾರ ಅಂದು ಗೊತ್ತಿದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. 10 ಅಡಿಗೆ 12 ಅಡಿಯ ಖೋಲಿಗೆ ನಿಜವಾದ 60ರಿಂದ 100 ವ್ಯಾಟ್ ಧಾರಾಳ ಸಾಕು.

ಇನ್ನು 2.1, 5.1 ಎಂಬ ಲೆಕ್ಕ. ಚುಕ್ಕೆಗೆ ಮೊದಲಿನ ಅಂಕಿ ಸುತ್ತಲಿನ ಸ್ಪೀಕರ್‌ಗಳ ದಾರಿ, ಚುಕ್ಕೆಯ ನಂತರದ 1 ಎಂದರೆ ದಪ್ಪ ಸದ್ದಿನ ಸಬ್‌ವೂಫರ್. 3.1ರಲ್ಲಿ ಎಡ, ಬಲದ ಜೊತೆಗೆ ನಡುವೆ ಒಂದು ಸೆಂಟರ್ ಸ್ಪೀಕರ್ ಬರುತ್ತದೆ. ಸಿನಿಮಾದ ಸಂಭಾಷಣೆಯ ಬಹುಪಾಲು ಹೊರಡುವುದು ಈ ನಡುವಿನದರಿಂದ. ಹಿಂದಿನ ಎರಡು ಸ್ಪೀಕರ್‌ಗಳಿಗಿಂತ ಇದೊಂದಕ್ಕೆ ದುಡ್ಡು ಹಾಕಿ ಎಂದು ನಾನು ಯಾವಾಗಲೂ ಹೇಳುತ್ತೇನೆ. ನಮ್ಮಲ್ಲಿ ಟಿವಿ ಹೆಚ್ಚು ಹೊತ್ತು ಓಡುವುದು ಧಾರಾವಾಹಿ, ಸುದ್ದಿ, ಕ್ರಿಕೆಟ್‌ಗೆ. ಕೇಬಲ್, ಡಿಟಿಎಚ್ ಚಾನೆಲ್‌ಗಳು ಬಹುತೇಕ ಎಡ, ಬಲ ಎರಡೇ ದಾರಿಯ ಸ್ಟೀರಿಯೊದಲ್ಲೇ ಬರುತ್ತವೆ. ಒಟಿಟಿಯಲ್ಲಿ ವಾರಕ್ಕೆ ಮೂರ್ನಾಲ್ಕು ಸಿನಿಮಾ ನೋಡುವ ಮನೆಗೆ 5.1 ಸಾರ್ಥಕ, ಉಳಿದವರಿಗೆ ಒಳ್ಳೆಯ 2.1 ಅಥವಾ 3.1 ಸಾಕು.

5.1.2 ಎಂದು ಮೂರನೆಯ ಅಂಕಿಯಿದ್ದರೆ ತಲೆಯ ಮೇಲಿನಿಂದ ಕೇಳಿಸುವ ಸ್ಪೀಕರ್‌ಗಳಿವೆ ಎಂದರ್ಥ. 2012ರಲ್ಲಿ ಚಿತ್ರಮಂದಿರಗಳಿಗೆ ಬಂದ ಡಾಲ್ಬಿ ಅಟ್ಮಾಸ್ ಎಂಬ ಧ್ವನಿ ಪದ್ಧತಿ ಬಳಸುವುದು ಇವನ್ನೇ. ಮೇಲ್ಮುಖ ಸ್ಪೀಕರ್ ಇಲ್ಲದೆ ಬರೀ ಅಟ್ಮಾಸ್ ಚೀಟಿ ಅಂಟಿಸಿಕೊಂಡ ಅಗ್ಗದ ಸೌಂಡ್‌ಬಾರ್‌ಗಳು (ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್) ಲೆಕ್ಕಾಚಾರದಿಂದ ಎತ್ತರದ ಭ್ರಮೆ ಹುಟ್ಟಿಸುತ್ತವೆ ಅಷ್ಟೆ. ನಿಜವಾದ ಮೇಲ್ಮುಖ ಸ್ಪೀಕರ್ ಸದ್ದನ್ನು ಛಾವಣಿಗೆ ಬಡಿದು ಕೆಳಗಿಳಿಸುತ್ತದೆ. ಮಾತಿಗೆ ಕಾಡುವ ನಮ್ಮ ಸಮತಟ್ಟು ಸ್ಲ್ಯಾಬ್ ಇಲ್ಲಿ ಮಾತ್ರ ಉಪಕಾರಕ್ಕೆ ಬರುತ್ತದೆ.

ಬಜೆಟ್ ಹೇಗೆ ಹಂಚುವುದು

ಬೆಲೆ ಹಬ್ಬದಿಂದ ಹಬ್ಬಕ್ಕೆ ಬದಲಾಗುತ್ತದೆ, ಅಂದಾಜಿಗಷ್ಟೇ ಹೇಳುತ್ತೇನೆ. 5,000 ರೂಪಾಯಿಯೊಳಗೆ ಸಬ್‌ವೂಫರ್ ಇಲ್ಲದ ಸಾದಾ ಸೌಂಡ್‌ಬಾರ್ ಅಥವಾ ಆಂಪ್ಲಿಫೈಯರ್ ಒಳಗೇ ಇರುವ ಒಂದು ಜೊತೆ ಪವರ್ಡ್ ಸ್ಪೀಕರ್ ಕೊಳ್ಳಿ. ಈ ಬೆಲೆಗೆ ಐದು ಸ್ಪೀಕರ್ ಕೊಡುತ್ತೇನೆ ಎಂದರೆ ಐದೂ ಬಡವಾಗಿರುತ್ತವೆ. 5,000ದಿಂದ 10,000ದೊಳಗೆ ಪ್ರತ್ಯೇಕ ಸಬ್‌ವೂಫರ್ ಇರುವ 2.1 ಬಾರ್ ಸಿಗುತ್ತದೆ, ಬಹಳ ಮನೆಗಳಿಗೆ ಇದೇ ಸರಿಯಾದ ಮೆಟ್ಟಿಲು. 10,000ದಿಂದ 18,000ದ ನಡುವೆ ಹಿಂದಿನ ಸ್ಪೀಕರ್ ಸಹಿತ 5.1 ಬಾರ್‌ಗಳಿವೆ. 'ವೈರ್‌ಲೆಸ್' ಎಂದು ಬರೆದಿದ್ದರೂ ಹಿಂದಿನ ಸ್ಪೀಕರ್‌ಗಳಿಗೆ ಬಹುತೇಕ ಕರೆಂಟಿನ ವೈರು ಬೇಕಾಗುತ್ತದೆ. ಸೋಫಾ ಹಿಂದೆ ಪ್ಲಗ್ ಪಾಯಿಂಟ್ ಇದೆಯೇ ನೋಡಿಕೊಳ್ಳಿ. ನನ್ನ ಹಳೆಯ ಸೆಟ್ಟಿನ ಹಿಂದಿನ ಎರಡು ಸ್ಪೀಕರ್‌ಗಳು ಇಡಲು ಜಾಗವಿಲ್ಲದೆ ಅಲಮಾರಿಯ ಮೇಲೇರಿ, ವೈರನ್ನು ಇಲಿ ಕಡಿದು, ಅಲ್ಲೇ ಧೂಳು ತಿಂದವು.

ಎವಿ ರಿಸೀವರ್ (ಎಲ್ಲ ಸ್ಪೀಕರ್‌ಗಳನ್ನೂ ನಡೆಸುವ ಆಂಪ್ಲಿಫೈಯರ್ ಪೆಟ್ಟಿಗೆ) ಮತ್ತು ಬಿಡಿ ಸ್ಪೀಕರ್‌ಗಳ ದಾರಿ ಬೇರೆ. ರಿಸೀವರೊಂದಕ್ಕೇ 30,000ದ ಆಸುಪಾಸು ಬೇಕು. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಸ್ಪೀಕರ್ ಸಿಕ್ಕಿಸುವ ಪ್ರತಿಯೊಂದು ದಾರಿಗೂ ಅದೇ ಒಂದು ಸ್ಪೀಕರ್ ಸಿಕ್ಕಿಸಿ ಕೇಳಿ, ಚಿತ್ರ, ಸದ್ದು ಎರಡನ್ನೂ ಸಾಗಿಸುವ ಎಚ್‌ಡಿಎಂಐ ಕಿಂಡಿಗಳನ್ನೆಲ್ಲ ಪರೀಕ್ಷಿಸಿ. ಹಳೆಯ ಸ್ಪೀಕರ್‌ನ ಕೋನಿನ ಸುತ್ತಲಿನ ಅಂಚು ಮುಟ್ಟಿ ನೋಡಿ. ಫೋಮಿನದಾಗಿದ್ದರೆ ಸೆಕೆಯಲ್ಲಿ ಬೇಗ ಪುಡಿಯಾಗುತ್ತದೆ, ರಬ್ಬರಿನದು ಬಾಳುತ್ತದೆ.

ಅಂಗಡಿಗೆ ಹೋಗುವ ಮುನ್ನ ಟಿವಿಯ ಬೆನ್ನು ನೋಡಿ

ಇದನ್ನು ಮರೆತು ಎರಡೆರಡು ಸಲ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಓಡಿದವರಿದ್ದಾರೆ. ಟಿವಿಯ ಹಿಂದಿನ ಒಂದು ಎಚ್‌ಡಿಎಂಐ ಕಿಂಡಿಯ ಪಕ್ಕ 'ಎಆರ್‌ಸಿ' ಅಥವಾ 'ಇಎಆರ್‌ಸಿ' ಎಂದಿದೆಯೇ? ಟಿವಿಯ ಸದ್ದನ್ನು ಆ ಕೇಬಲ್ ಮೂಲಕವೇ ಬಾರ್‌ಗೆ ಕಳಿಸುವ ದಾರಿ ಅದು. ಇದ್ದರೆ ಬಾರ್‌ನಲ್ಲೂ ಎಆರ್‌ಸಿ ಇರಲಿ. ಒಂದೇ ಕೇಬಲ್, ಟಿವಿಯ ರಿಮೋಟ್‌ನಿಂದಲೇ ಸದ್ದು ಏರಿಳಿಯುತ್ತದೆ. ಇಲ್ಲದಿದ್ದರೆ ಬೆಳಕಿನ ಮೂಲಕ ಸದ್ದು ಸಾಗಿಸುವ ಆಪ್ಟಿಕಲ್ ಕಿಂಡಿ ಹುಡುಕಿ. ಸಾದಾ ಡಾಲ್ಬಿ ಡಿಜಿಟಲ್ 5.1ನ್ನು ಅದು ಸಾಗಿಸುತ್ತದೆ, ಅಟ್ಮಾಸ್ ಸಾಗಿಸುವುದಿಲ್ಲ. ಬ್ಲೂಟೂತ್ ಹಾಡಿಗೆ ಸರಿ, ಸಿನಿಮಾಕ್ಕೆ ಬೇಡ. ಸದ್ದು ತಡವಾಗಿ ಬಂದು ತುಟಿಗೂ ಮಾತಿಗೂ ತಾಳೆ ತಪ್ಪುತ್ತದೆ.

ಅಂಗಡಿಯಲ್ಲಿ ಹೊಡೆದಾಟದ ದೃಶ್ಯ ಹಾಕಿ ತೋರಿಸುತ್ತಾರೆ. "ಸುದ್ದಿ ಚಾನೆಲ್ ಹಾಕ್ರಿ" ಅನ್ನಿ. ಸಂಕೋಚ ಬೇಡ. ಸರೌಂಡ್ ಎಫೆಕ್ಟ್ ಆರಿಸಿ, ಎಂಟು ಅಡಿ ದೂರ ಕೂತು, ಕಡಿಮೆ ವಾಲ್ಯೂಮಿನಲ್ಲಿ ಕಣ್ಣು ಮುಚ್ಚಿ ಕೇಳಿ. ಸ, ಶ, ಷ ಬೇರೆಬೇರೆ ಕೇಳುತ್ತವೆಯೇ? ಗಂಡಸಿನ ದನಿ ಮಡಕೆಯೊಳಗಿಂದ ಬಂದಂತೆ ಇದೆಯೇ? ನಿಮ್ಮ ಫೋನಿನಿಂದ ಚೆನ್ನಾಗಿ ಗೊತ್ತಿರುವ ಒಂದು ವಚನಗಾಯನ ಹಾಕಿ. ತಂಬೂರಿಯ ಎಳೆ ಮತ್ತು ದನಿ ಎರಡೂ ತಮ್ಮ ತಮ್ಮ ಜಾಗದಲ್ಲಿ ಕೇಳಿದರೆ ಆ ಸಿಸ್ಟಂ ಮನೆಗೆ ಬರಲು ಯೋಗ್ಯ. ಕೊನೆಗೆ ಒಂದು ಪ್ರಶ್ನೆ: ಕೆಟ್ಟರೆ ರಿಪೇರಿಯವರು ಕಲಬುರಗಿಯಲ್ಲೇ ಇದ್ದಾರೆಯೇ, ಇಲ್ಲ ಹೈದರಾಬಾದಿಗೆ ಕಳಿಸಬೇಕೇ? ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಉಳಿಸುವ ಮೊದಲೂ ಇದನ್ನು ಕೇಳಿಕೊಳ್ಳಿ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.

ಮನೆಯಲ್ಲಿ ಜೋಡಿಸುವುದು

ಬಾರ್ ಅನ್ನು ಶೋಕೇಸಿನ ಗೂಡಿನೊಳಗೆ ತುರುಕಬೇಡಿ, ಮುಂಚಾಚಿ ಅಂಚಿಗೆ ಸರಿಯಾಗಿ ಇಡಿ. ನಮ್ಮಲ್ಲಿ ಅರ್ಧ ಮಂದಿ ನೆಲದ ಮೇಲೇ ಕೂರುವವರು, ಕಿವಿ ಇರುವುದು ಸುಮಾರು ಎರಡೂವರೆ ಅಡಿ ಎತ್ತರದಲ್ಲಿ. ಗೋಡೆಗೆ ಎತ್ತರದಲ್ಲಿ ಬಿಗಿದರೆ ಮಾತು ತಲೆಯ ಮೇಲಿಂದ ಹಾದುಹೋಗುತ್ತದೆ. ಅನಿವಾರ್ಯವಾದರೆ ಹಿಂದೆ ರಬ್ಬರ್ ಕೊಟ್ಟು ಸ್ವಲ್ಪ ಕೆಳಕ್ಕೆ ಬಾಗಿಸಿ. 5.1 ಆದರೆ ಹಿಂದಿನ ಸ್ಪೀಕರ್‌ಗಳು ನಿಮ್ಮ ಎರಡು ಪಕ್ಕಕ್ಕೆ, ತುಸು ಹಿಂದಕ್ಕೆ ಇರಲಿ.

ಸಬ್‌ವೂಫರ್‌ಗೆ ಜಾಗ ಹುಡುಕುವುದು ನನಗೆ ಬಲು ಇಷ್ಟದ ಕೆಲಸ. 12 ಅಡಿ ಉದ್ದದ ಖೋಲಿ ಸುಮಾರು 47 ಹರ್ಟ್ಸ್‌ನ ದಪ್ಪ ಸ್ವರದಲ್ಲಿ ತಾನೇ ಗುಂಯ್‌ಗುಡುತ್ತದೆ. ಆ ಸ್ವರ ಗೋಡೆಗಳ ಹತ್ತಿರ ಉಬ್ಬಿ, ನಟ್ಟನಡುವೆ ಸೊರಗುತ್ತದೆ. ಮೂಲೆಯಲ್ಲಿಟ್ಟ ಸಬ್‌ವೂಫರ್ ಜೋರಾಗಿ ಕೇಳುವುದೂ, ಎಲ್ಲ ಡೋಲೂ ಒಂದೇ ಥರ ಕೇಳುವುದೂ ಇದರಿಂದಲೇ. ಹೀಗೆ ಮಾಡಿ: ಸಬ್‌ವೂಫರನ್ನು ನೀವು ಕೂರುವ ಜಾಗದಲ್ಲೇ ಇಟ್ಟು ತಬಲಾದ ಬಾಯಾ (ಎಡಗೈಯ ದಪ್ಪ ದನಿ) ಚೆನ್ನಾಗಿ ಕೇಳುವ ಹಾಡು ಹಾಕಿ. ಕಿವಿಯನ್ನು ನೆಲಕ್ಕೆ ಹತ್ತಿರ ಮಾಡಿಕೊಂಡು ಗೋಡೆಗುಂಟ ಅಂಬೆಗಾಲಿಡಿ. ಒಂದು ಕಡೆ ಗುಂಯ್, ಒಂದು ಕಡೆ ಪೊಳ್ಳು, ಮತ್ತೊಂದು ಕಡೆ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳುತ್ತದೆ. ಆ ಕೊನೆಯ ಜಾಗಕ್ಕೆ ಸಬ್‌ವೂಫರ್ ಒಯ್ದಿಡಿ. ಆಮೇಲೆ ಸುದ್ದಿ ಹಾಕಿ, ವಾಚಕರ ದನಿ ಗಡಸಾಗುವುದು ನಿಲ್ಲುವವರೆಗೂ ಬೇಸ್ (ದಪ್ಪ ಸದ್ದು) ಇಳಿಸುತ್ತ ಹೋಗಿ.

ಟಿವಿಯ ಸೆಟ್ಟಿಂಗ್‌ನಲ್ಲಿ ಸಿಇಸಿ (ಒಂದೇ ರಿಮೋಟ್‌ನಿಂದ ಎರಡನ್ನೂ ನಡೆಸುವ ವ್ಯವಸ್ಥೆ) ಆನ್ ಮಾಡಿ, ಟಿವಿ ಸ್ಪೀಕರ್ ಆಫ್ ಮಾಡಿ. 5.1ಕ್ಕೆ ಡಿಜಿಟಲ್ ಔಟ್‌ಪುಟ್ 'ಆಟೋ' ಇರಲಿ, ಕೆಲ ಚಾನೆಲ್‌ಗಳಲ್ಲಿ ಸದ್ದೇ ಬಾರದಿದ್ದರೆ 'ಪಿಸಿಎಂ' ಎಂಬ ಸಾದಾ ಡಿಜಿಟಲ್ ಸದ್ದಿಗೆ ಬದಲಿಸಿ. ರಾತ್ರಿ 'ನೈಟ್ ಮೋಡ್' ಒತ್ತಿ. ಅದು ಸ್ಫೋಟಗಳನ್ನು ತಗ್ಗಿಸಿ ಪಿಸುಮಾತನ್ನು ಎತ್ತುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಿತಿ 45 ಡೆಸಿಬೆಲ್. ಬೇಸ್ ಗೋಡೆ ದಾಟುತ್ತದೆ, ಪಕ್ಕದ ಮನೆಯಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ವೋಲ್ಟೇಜಿನ ಹಠಾತ್ ಜಿಗಿತಕ್ಕೆ ಸರ್ಜ್ ರಕ್ಷಣೆಯಿರುವ ಎಕ್ಸ್‌ಟೆನ್ಷನ್ ಬೋರ್ಡ್ ಹಾಕಿ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಅದೊಂದೇ ಸಾಲದು. ಛಾವಣಿಯ ಡಿಶ್ ಅಥವಾ ಕೇಬಲ್ ವೈರಿನ ಮೂಲಕ ಇಳಿದ ಹೊಡೆತ ಸೆಟ್‌ಟಾಪ್ ಬಾಕ್ಸ್, ಟಿವಿ ದಾಟಿ ಎಚ್‌ಡಿಎಂಐ ಹಿಡಿದು ಬಾರ್‌ಗೂ ಬರುತ್ತದೆ. ಮೋಡ ಕವಿಯುತ್ತಿದ್ದಂತೆಯೇ, ಗುಡುಗು ಕೇಳುವ ಮೊದಲೇ ಪ್ಲಗ್ ಕೀಳಿ, ಡಿಶ್ ವೈರನ್ನೂ ಬಿಚ್ಚಿಡಿ. ಮಳೆ ನಿಂತ ಮೇಲೆ ಮತ್ತೆ ಹಚ್ಚಿದರಾಯಿತು.